ಬೆಲ್ಲದ ಬೀರುವಿಗೆ ಬೀಗ, ಸರ್ವರ್‌ಗೆ ಹಸಿರು ಚುಕ್ಕಿ

ಹುಲಿಯೂರುದುರ್ಗದಲ್ಲಿರುವ ನಮ್ಮ ಚಿಕ್ಕಮ್ಮನ ಅಡುಗೆಮನೆ ಬೀರುವಿಗೆ ಬೀಗ ಬಿತ್ತು.

ಒಳಗಿದ್ದದ್ದು ಚಿನ್ನ ಅಲ್ಲ. ಬೆಲ್ಲ. ಜೊತೆಗೆ ಸಕ್ಕರೆ ಡಬ್ಬಿ, ಯಾರೋ ಕೊಟ್ಟುಹೋಗಿದ್ದ ಒಂದಿಷ್ಟು ಕೊಬ್ಬರಿ ಮಿಠಾಯಿ. ಬೀಗ ಹಾಕಿದವನು ಅವಳ ಸ್ವಂತ ಮಗ ಉಮೇಶ. ಕುಣಿಗಲ್‌ನ ಒಂದು ಫೈನಾನ್ಸ್ ಕಂಪನಿಯಲ್ಲಿ ಮ್ಯಾನೇಜರ್. ಮನೆಯಲ್ಲೂ ಮ್ಯಾನೇಜರ್. (ಕೆಲವರಿಗೆ ಆಫೀಸಿನಿಂದ ಬಂದ ಮೇಲೆ ಶರ್ಟು ಬಿಚ್ಚಲು ಬರುತ್ತದೆ, ಹುದ್ದೆ ಬಿಚ್ಚಲು ಬರುವುದಿಲ್ಲ.)

ಬೆಳಿಗ್ಗೆ ಬೆಳಿಗ್ಗೆ ನನಗೆ ಫೋನ್ ಮಾಡಿದ. 'ಅಕ್ಕಾ, ನೀನಾದ್ರೂ ಬುದ್ಧಿ ಹೇಳು. ಅಮ್ಮನ ಶುಗರ್ ಮುನ್ನೂರು ದಾಟೈತೆ. ದಿನಾ ಇಂಜೆಕ್ಷನ್ ತಗೋತಾಳೆ, ಆದ್ರೂ ಇಳೀತಿಲ್ಲ. ಕದ್ದು ಸ್ವೀಟ್ ತಿಂತವ್ಳೆ.'

'ತಿಂದೆ ಅಂದ್ಳಾ?'

'ಎಲ್ಲಿ ಅಂತಾಳೆ? ತಿಂದಿಲ್ಲ ಅಂತಾಳೆ. ಹಂಗಂತ ಎಲ್ಲಾ ಶುಗರ್‌ನೋರೂ ಹೇಳ್ತಾರೆ ಕಣಕ್ಕ.'

ಅಷ್ಟರಲ್ಲಿ ಆ ಕಡೆ ಏನೋ ಸದ್ದಾಯಿತು. ಫೋನು ಕೈ ಬದಲಾಯಿಸಿತು. 'ಏ, ಕೇಳೇ ಇಲ್ಲಿ' ಎಂದಳು ಚಿಕ್ಕಮ್ಮ. 'ತಿಂದಿದ್ರೆ ತಿಂದೆ ಅಂತೀನಿ. ನಂಗೇನ್ ಇವನ ಭಯಾನಾ? ತಿಂದಿಲ್ಲ ಅಂದ್ರೆ ತಿಂದಿಲ್ಲ. ನಾನ್ ಹೆತ್ತ ಮಗ ನನ್ ಮನೆ ಬೀರುಗೆ ಬೀಗ ಜಡಿದವ್ನೆ ಕಣೇ! ನಾಳೆ ಹಾಲ್ನೋಳು ಕೇಳುದ್ರೆ ಏನ್ ಹೇಳ್ಲಿ? ಬೆಲ್ಲದ ಕಳ್ಳಿ ಅಂತ ಹೇಳ್ಲಾ?'

ಬೆಲ್ಲ ಹೋದರೆ ಹೋಗಲಿ, ಮಾತು ಹೋಯಿತಲ್ಲ ಎಂಬುದು ಅವಳ ಸಂಕಟ. ಧ್ವನಿ ನಡುಗುತ್ತಿತ್ತು. ಸಿಟ್ಟಿಗೆ ನಡುಗುವುದು ಬೇರೆ, ಅವಮಾನಕ್ಕೆ ನಡುಗುವುದು ಬೇರೆ. ಇದು ಎರಡನೆಯದು.

ನಾನು ಆ ಕ್ಷಣವೇ ಅವಳನ್ನು ನಂಬಿದೆ. ರಕ್ತಸಂಬಂಧ ಅಂತಲ್ಲ. ಅದಕ್ಕೆ ಸರಿಯಾದ ಕಾರಣವಿದೆ.

ನನ್ನ ಚಿಕ್ಕಮ್ಮ ಗಂಗಮ್ಮ ತಿಂದದ್ದನ್ನು ಮುಚ್ಚಿಡುವ ಜಾತಿಯವಳೇ ಅಲ್ಲ. ನಮ್ಮ ಮನೆಯ ನಾಮಕರಣದಲ್ಲಿ ತುಪ್ಪ ಸುರಿಸಿಕೊಂಡು ಮೂರು ಹೋಳಿಗೆ ಹೊಡೆದಳು. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರ್ ಬಾಯಿ ತೆರೆಯುವ ಮೊದಲೇ ಹೇಳಿದಳು: 'ಮೂರು ಹೋಳಿಗೆ ತಿಂದಿದೀನಿ ಡಾಕ್ಟ್ರೇ. ಚೆನ್ನಾಗಿತ್ತು. ಈಗ ಬೈಯ್ರಿ.' ಮಾವಿನ ಕಾಲದಲ್ಲಿ ಮಾವು ತಿಂದೆ ಅಂತಾಳೆ. ಹಲಸಿನ ಕಾಲದಲ್ಲಿ ಹಲಸು ತಿಂದೆ ಅಂತಾಳೆ. ತನ್ನ ತಪ್ಪನ್ನು ಇಷ್ಟು ಜೋರಾಗಿ ಒಪ್ಪಿಕೊಳ್ಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಂಥವಳು 'ತಿಂದಿಲ್ಲ' ಎಂದರೆ ತಿಂದಿಲ್ಲ.

'ಡಾಕ್ಟ್ರಿಗೆ ಇದನ್ನ ಹೇಳಿದ್ಯಾ?' ಎಂದೆ.

'ನಂಗೆಲ್ಲಿ ಮಾತಾಡಕ್ಕೆ ಬುಟ್ಟ? ಎಲ್ಲಾ ಇವನೇ ಒದರ್ದ. ಅಮ್ಮ ಸ್ವೀಟ್ ತಿಂತಾರೆ ಡಾಕ್ಟ್ರೇ, ಮನೇಲಿ ಕಂಟ್ರೋಲ್ ಮಾಡಕ್ಕಾಗ್ತಿಲ್ಲ ಅಂದ. ಅವ್ರು ಇವನ ಮುಖ ನೋಡ್ಕೊಂಡು ಬರ್ದ್ರು. ಇವತ್ತು ಸಾಯಂಕಾಲದಿಂದ ಡೋಸ್ ಡಬಲ್ ಅಂತೆ.' ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಸೇರಿಸಿದಳು, 'ಇನ್ನೊಂದು ಕಣೇ. ಈ ಔಷಧಿ ಬಾಟ್ಲಿ ಯಾಕೋ ಒಡೆದ ಹಾಲಿನಂಗೆ ತರಿತರಿ ಇದೆ. ಇವನಿಗೆ ಹೇಳುದ್ರೆ ಅಲ್ಲಾಡ್ಸಿ ಹಾಕ್ಕೋ ಅಂತಾನೆ.'

ನನ್ನ ಕಾಫಿ ಅಲ್ಲೇ ನಿಂತಿತು. 'ಯಾವ ಅಂಗಡೀದು?' ಎಂದೆ. ಹೇಳಿದಳು. ಆ ಮೆಡಿಕಲ್ ಸ್ಟೋರಿಗೆ ಇನ್ಸುಲಿನ್ ಸಪ್ಲೈ ಮಾಡುವುದು ಯಾರು ಗೊತ್ತಾ?

ನಾನು ಕೆಲಸ ಮಾಡುವ ಕಂಪನಿ.

ಹೊಸ ಓದುಗರಿಗಾಗಿ ಒಂದು ಮಾತು. (ಹಳಬರು ಹಾರಿಸಿಕೊಂಡು ಹೋಗಬಹುದು. ಹೋಗಲ್ಲ ಅಂತ ನನಗೂ ಗೊತ್ತು.) ವಾರಕ್ಕೊಮ್ಮೆ ಇಲ್ಲಿ ಬಾಯಿಗೆ ಬಂದದ್ದು ಬರೆಯುವ ನಾನು, ಉಳಿದ ದಿನ ತುಮಕೂರಿನ ಒಂದು ಔಷಧಿ ಸಗಟು ಕಂಪನಿಯಲ್ಲಿ ಕಂಪ್ಯೂಟರ್ ಸಿಸ್ಟಂ ನೋಡಿಕೊಳ್ಳುತ್ತೇನೆ. ನಮ್ಮ ಕೋಲ್ಡ್ ರೂಮ್ ಇರುವುದು ಕುಣಿಗಲ್‌ನಲ್ಲಿ. ಅಲ್ಲಿಂದ ಗುಬ್ಬಿ, ಹುಲಿಯೂರುದುರ್ಗ, ಊರ್ಡಿಗೆರೆ ಅಂತ ಎಲ್ಲ ಕಡೆಗೆ ವ್ಯಾನು ಹೋಗುತ್ತದೆ. ಕೋಲ್ಡ್ ರೂಮಿನ ಗೋಡೆಗೆ ಒಂದು ಸೆನ್ಸರ್. ಅದು ಎಷ್ಟು ಡಿಗ್ರಿ ಎಂದು ಓದಿ ಹೇಳಲು ಸರ್ವರ್ ಒಳಗೆ ಒಂದು ಪುಟ್ಟ ಪ್ರೋಗ್ರಾಂ. ತುಮಕೂರು ಆಫೀಸಿನ ರಿಸೆಪ್ಷನ್‌ನಲ್ಲಿ ದೊಡ್ಡ ಟಿವಿ. ಅದರಲ್ಲಿ 'ಕುಣಿಗಲ್' ಅನ್ನುವ ಹೆಸರಿನ ಪಕ್ಕ ಹಸಿರು ಚುಕ್ಕಿ.

ಆ ಪುಟ್ಟ ಪ್ರೋಗ್ರಾಂ ಬಗ್ಗೆ ಸ್ವಲ್ಪ ಕೇಳಿ. ನಿಮ್ಮ ಮನೆಯ ಕತೆಯೂ ಅದರಲ್ಲಿದೆ.

ಕಂಪ್ಯೂಟರ್‌ನಲ್ಲಿ ನಮ್ಮ ಕಣ್ಣಿಗೆ ಬೀಳುವ ಕೆಲಸಗಾರರು ಕೆಲವರೇ. ಕಣ್ಣಿಗೆ ಬೀಳದೆ ಹಿಂದೆ ದುಡಿಯುವವರು ಜಾಸ್ತಿ. ಅವರಿಗೆ ಸರ್ವಿಸ್ ಅಂತ ಹೆಸರು. ಇವರಿಗೆ ಪರದೆಯಿಲ್ಲ, ಮುಖವಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುವವರ ಹಾಗೆ. ಇವರನ್ನೆಲ್ಲ ಎಬ್ಬಿಸಿ, ಕೆಲಸಕ್ಕೆ ಹಚ್ಚಿ, ಬಿದ್ದರೆ ಮತ್ತೆ ಎತ್ತಿ ನಿಲ್ಲಿಸಲು ಒಬ್ಬ ಯಜಮಾನ ಇದ್ದಾನೆ. ಸರ್ವಿಸ್ ಮ್ಯಾನೇಜರ್. ಈ ಯಜಮಾನನಿಗೆ ಹಿತ್ತಲಿಗೆ ಹೋಗಿ ಇಣುಕಿ ನೋಡುವ ಅಭ್ಯಾಸವಿಲ್ಲ. ಕೂತಲ್ಲೇ ಕೂತಿರುತ್ತಾನೆ. ಕೆಲಸಗಾರರೇ ಕೂಗಿ ಹೇಳಬೇಕು.

ಏನಂತ ಕೂಗಬೇಕು? ಮೊದಲನೆಯದು, 'ರೆಡಿ'. ಎದ್ದ ತಕ್ಷಣ ಅಲ್ಲ, ಮುಖ ತೊಳೆದು ನಿಜವಾಗಿ ಕೆಲಸಕ್ಕೆ ನಿಂತ ಮೇಲೆ. ಆಮೇಲೆ ಬೇಕೆನಿಸಿದರೆ ಒಂದು ಸಾಲು ಸ್ಥಿತಿಗತಿ: ಇಂಥದ್ದು ಮಾಡ್ತಿದೀನಿ, ಇಲ್ಲಿಗೆ ಬಂದಿದೆ. ಮೂರನೆಯದು ಮುಖ್ಯ. ಆಗಾಗ 'ಇದೀನಿ, ಇದೀನಿ' ಎನ್ನುತ್ತಿರಬೇಕು. ಅದಕ್ಕೆ ವಾಚ್‌ಡಾಗ್ ಅಂತ ಹೆಸರು. ಹೇಳಿದ ಹೊತ್ತಿಗೆ 'ಇದೀನಿ' ಬರಲಿಲ್ಲವೋ, ಇವನಿಗೇನೋ ಆಗಿದೆ ಎಂದು ಯಜಮಾನ ಕತ್ತು ಹಿಡಿದು ಎಬ್ಬಿಸಿ ಹೊಸದಾಗಿ ಶುರು ಮಾಡಿಸುತ್ತಾನೆ. ನಮ್ಮ ಕಂಪನಿಯಲ್ಲಿ ಆಗ ಬಾಸ್ ಮೊಬೈಲಿಗೆ ಒಂದು ಮೆಸೇಜೂ ಹೋಗುತ್ತದೆ.

ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಯಾರ ಸ್ಥಿತಿಯನ್ನು ಯಾರು ಹೇಳಬೇಕು? ಕೆಲಸ ಮಾಡುವವನೇ ಹೇಳಬೇಕು. ಪಕ್ಕದವನು, ಮಗ, ಮೊಮ್ಮಗ ಬಂದು 'ಅವರ ಪರವಾಗಿ ನಾನು ಹೇಳ್ತೀನಿ' ಎಂದರೆ ಸಾಮಾನ್ಯವಾಗಿ ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಡಾಕ್ಟರ ಮುಂದೆ ಅಮ್ಮನ ಬದಲು ಮಾತಾಡುವ ಉಮೇಶನಂಥವರಿಗೆ ಸರ್ವರ್ ಒಳಗೆ ಜಾಗವಿಲ್ಲ. ನಮ್ಮ ಕ್ಲಿನಿಕ್ಕುಗಳಲ್ಲಿ ಈ ನಿಯಮ ಯಾವಾಗ ಬರುತ್ತದೋ?

ಇಷ್ಟೆಲ್ಲ ಚೆನ್ನಾಗಿರುವ ಏರ್ಪಾಟಿನಲ್ಲಿ ಒಂದೇ ಒಂದು ತೂತು. ಯಜಮಾನ ಹೇಳಿದ್ದನ್ನು ನಂಬುತ್ತಾನೆ. ಪರೀಕ್ಷೆ ಮಾಡುವುದಿಲ್ಲ.

ಆ ಬೆಳಿಗ್ಗೆ ನನ್ನ ತಲೆಯಲ್ಲಿ ಕೊರೆದದ್ದು ಇದೇ. ಒಂದು ಕಡೆ ನನ್ನ ಚಿಕ್ಕಮ್ಮ. ವರ್ಷಕ್ಕೆ ಹತ್ತು ಸಲ 'ತಪ್ಪಾಯ್ತು, ತಿಂದೆ' ಎಂದು ಸಾರುವವಳು. ಇನ್ನೊಂದು ಕಡೆ ನಮ್ಮ ಕುಣಿಗಲ್ ಸರ್ವಿಸ್. ನಾನು ಈ ಕಂಪನಿಗೆ ಸೇರಿದಾಗಿನಿಂದ ಒಂದೇ ಒಂದು ದಿನ ತೊಂದರೆ ಅಂದಿಲ್ಲ. ಬೆಸ್ಕಾಂನವರು ಕರೆಂಟು ತೆಗೆದರೂ ಹಸಿರು. ಸಿಡಿಲು ಹೊಡೆದರೂ ಹಸಿರು. ಎಂದೂ ತಪ್ಪು ಒಪ್ಪದ ಮನುಷ್ಯನನ್ನು ನಾವು ನಂಬುತ್ತೇವಾ? ಹಾಗಿದ್ದರೆ ಎಂದೂ ತಪ್ಪು ಒಪ್ಪದ ಪ್ರೋಗ್ರಾಂ ಅನ್ನು ಯಾಕೆ ನಂಬಬೇಕು?

'ಆ ಬಾಟ್ಲಿ ಮುಟ್ಬೇಡ. ಡಾಕ್ಟ್ರಿಗೆ ನೀನೇ ಫೋನ್ ಮಾಡಿ ತರಿತರಿ ಇದೆ ಅಂತ ಹೇಳು, ಅವ್ರು ಹೇಳ್ದಂಗೆ ಮಾಡು' ಎಂದು ಚಿಕ್ಕಮ್ಮನಿಗೆ ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ಕುಣಿಗಲ್ ಬಸ್ಸಿನ ಕಂಡಕ್ಟರ್ 'ಬನ್ನಿ ಬನ್ನಿ, ಹೊರಡ್ತು ಹೊರಡ್ತು' ಎಂದು ಕೂಗುತ್ತಿದ್ದ. ಹತ್ತಿ ಕೂತೆ. ಡ್ರೈವರ್ ಟೀ ಅಂಗಡಿಯಲ್ಲಿ ಎರಡನೇ ಬನ್ ಅದ್ದುತ್ತಿದ್ದ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ನಮಗೆಲ್ಲ ಅಭ್ಯಾಸ. ನಮ್ಮ ಸೀಮೆಯಲ್ಲಿ 'ಹೊರಟೆ' ಅಂದರೆ ಸ್ನಾನಕ್ಕೆ ಹೋಗ್ತಿದೀನಿ ಅಂತ ಅರ್ಥ. 'ತುಮಕೂರು ಗುಬ್ಬಿ ಗೇಟ್‌ನಲ್ಲಿದೀನಿ' ಅಂದರೆ ಇನ್ನೂ ಗುಬ್ಬಿ ಊರಲ್ಲೇ ಇದೀನಿ ಅಂತ. 'ಆಯ್ತು ಸಾರ್' ಅಂದರೆ ಶುರು ಮಾಡ್ತೀನಿ ಸಾರ್. ಟೈಲರ್ ಅಂತೂ 'ಗುಂಡಿ ಒಂದು ಬಾಕಿ ಮೇಡಂ' ಎಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ. ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಮರ್ಯಾದೆ ಅನ್ನುತ್ತಾರೆ. ಕಾಯುವವರಿಗೆ ಬೇಜಾರಾಗದಿರಲಿ ಎನ್ನುವ ಮರ್ಯಾದೆ.

ಬಸ್ಸಿಗೆ ಸರಿ, ಬ್ಲೌಸಿಗೆ ಸರಿ. ಔಷಧಿಗೆ?

ಕುಣಿಗಲ್ ಕೋಲ್ಡ್ ರೂಮಿನ ಇನ್‌ಚಾರ್ಜ್ ಬಸವರಾಜು ಬಾಗಿಲಲ್ಲೇ ಸಿಕ್ಕಿದ. ನೋಡಿ ಗಾಬರಿಯಾಯಿತು. ಸುಡು ಬಿಸಿಲಲ್ಲಿ ಸ್ವೆಟರ್, ಮೇಲೆ ಮಂಕಿ ಕ್ಯಾಪ್, ಕತ್ತಿಗೆ ಮಫ್ಲರ್.

'ಏನ್ರೀ ಇದು ವೇಷ?'

'ಒಳಗೆ ಸಕತ್ ಕೂಲಿಂಗ್ ಮೇಡಂ. ಊಟಿ, ಊಟಿ! ಮಷಿನ್ ಈಗ ಸಕತ್ತಾಗಿ ಹಿಡಿದೈತೆ' ಎಂದ, ಮಗ ಫಸ್ಟ್ ಕ್ಲಾಸ್ ಬಂದವನ ಸಂಭ್ರಮದಲ್ಲಿ.

ಒಳಗೆ ಹೋದೆ. ಉಸಿರು ಹೊಗೆಯಾಯಿತು. ರ್‍ಯಾಕಿನ ಕಂಬಿಗಳ ಮೇಲೆ ಬಿಳಿ ಮಂಜುಗಡ್ಡೆ. ಇನ್ಸುಲಿನ್ ಡಬ್ಬ ಎತ್ತಿದರೆ ಅಡಿಗೆ ಅಂಟಿಕೊಂಡು ಕಿರ್ ಎಂದಿತು.

ಇಲ್ಲೊಂದು ವಿಷಯ ಎಲ್ಲರೂ ತಿಳಿದಿರಬೇಕು. ಇನ್ಸುಲಿನ್ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಒಂದು ಸಲ ಹೆಪ್ಪುಗಟ್ಟಿತೋ, ಕತೆ ಮುಗಿಯಿತು. ಆಮೇಲೆ ಕರಗಿಸಿದರೂ ಅಷ್ಟೆ, ಅಲ್ಲಾಡಿಸಿದರೂ ಅಷ್ಟೆ. ಅದರ ಶಕ್ತಿಯನ್ನು ನಂಬುವ ಹಾಗಿಲ್ಲ. ತಂಪು ಜಾಸ್ತಿಯಾದಷ್ಟೂ ಒಳ್ಳೆಯದು ಎಂದುಕೊಂಡಿದ್ದ ಬಸವರಾಜು. ಐಸ್‌ಕ್ರೀಮ್ ಲೆಕ್ಕ.

'ಇಷ್ಟು ಚಳಿ ಆಗ್ತಿದ್ರೆ ಫೋನ್ ಮಾಡಬಾರದಿತ್ತಾ?'

'ಬೋರ್ಡಲ್ಲಿ ಗ್ರೀನ್ ಇದ್ಯಲ್ಲಾ ಮೇಡಂ. ನಾನ್ಯಾವನು ಹೇಳಕ್ಕೆ?'

ಮೈ ಮರಗಟ್ಟುತ್ತಿದೆ, ಆದರೂ ಬೋರ್ಡು ಸರಿ, ಮೈ ತಪ್ಪು! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನಾವು ಪ್ರತ್ಯಕ್ಷವನ್ನೇ ಬಿಟ್ಟು ಟಿವಿ ನೋಡುತ್ತಿದ್ದೇವೆ.

ಗೋಡೆಯ ಮೇಲಿದ್ದ ಸೆನ್ಸರ್ ಹಿಡಿದು ಎಳೆದೆ. ವೈರು ಸಮೇತ ಕಿತ್ತುಕೊಂಡು ಬಂತು. ಕೈಯಲ್ಲಿ ಹಿಡಿದುಕೊಂಡೇ ಆಚೆ ಬಿಸಿಲಿಗೆ ಬಂದು ತುಮಕೂರು ಆಫೀಸಿಗೆ ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿ ರೇಖಾ ಎತ್ತಿದಳು.

'ಕುಣಿಗಲ್ ಏನ್ ತೋರಿಸ್ತಿದೆ ನೋಡೇ.'

'ಗ್ರೀನ್ ಮೇಡಂ. ಐದು ಡಿಗ್ರಿ. ಎಲ್ಲಾ ಓಕೆ.'

'ಸೆನ್ಸರ್ ಕಿತ್ತಿದೀನಿ ಕಣೇ. ನನ್ ಕೈಯಲ್ಲಿದೆ.'

'ಹೌದಾ ಮೇಡಂ? ಆದ್ರೂ ಗ್ರೀನೇ ಇದೆ.'

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕುಣಿಗಲ್‌ನಲ್ಲಿ ಮಷಿನ್ ಕೆಟ್ಟರೆ ಹುಲಿಯೂರುದುರ್ಗದಲ್ಲಿ ನನ್ನ ಚಿಕ್ಕಮ್ಮನ ಬೆಲ್ಲಕ್ಕೆ ಬೀಗ.

ಅಲ್ಲೇ ಬಸವರಾಜುವಿನ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದು ಆ ಪ್ರೋಗ್ರಾಂ ಓದಿದೆ. ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆನ್ಸರ್ ಓದುವ ಕೆಲಸ ಒಂದು ಕಡೆ. 'ಇದೀನಿ, ಇದೀನಿ' ಎನ್ನುವ ಕೆಲಸ ಇನ್ನೊಂದು ಕಡೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಓದುವವನು ಎಂದೋ ಸೆನ್ಸರ್ ಉತ್ತರಕ್ಕೆ ಕಾಯುತ್ತಾ ಕಾಯುತ್ತಾ ಕಲ್ಲಾಗಿ ನಿಂತಿದ್ದ. ಕೊನೆಗೆ ಓದಿದ್ದ ಐದು ಡಿಗ್ರಿ ಹಾಗೇ ಬೋರ್ಡಿನಲ್ಲಿ ಉಳಿದಿತ್ತು. ಪಕ್ಕದಲ್ಲಿ ಇನ್ನೊಬ್ಬ ಮಾತ್ರ ನಿಷ್ಠೆಯಿಂದ 'ಇದೀನಿ ಸಾರ್, ಆರಾಮ್ ಸಾರ್' ಎಂದು ಕೂಗುತ್ತಲೇ ಇದ್ದ. ಸತ್ತವನ ಮೊಬೈಲಿನಿಂದ ದಿನಾ ಗುಡ್ ಮಾರ್ನಿಂಗ್ ಮೆಸೇಜ್ ಬಂದ ಹಾಗೆ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಯಾರೋ ಬೇಕೆಂದೇ ಬೇರೆ ಮಾಡಿದ್ದಾರೆ. ಅದನ್ನು ಬರೆದ ಪ್ರದೀಪ ನನಗಿಂತ ಮೊದಲು ಇಲ್ಲಿದ್ದವನು. ಫೋನ್ ಮಾಡಿದೆ.

'ಅಕ್ಕಾ, ಏನ್ ಮಾಡ್ಲಿ?' ಎಂದ. 'ಕರೆಂಟ್ ಹೋದಾಗೆಲ್ಲಾ ಸೆನ್ಸರ್ ಸ್ವಲ್ಪ ಹೊತ್ತು ಮೂಗನಾಗ್ತಿತ್ತು. ಸರ್ವಿಸ್ ರೀಸ್ಟಾರ್ಟ್ ಆಗ್ತಿತ್ತು. ಸಾರ್‌ಗೆ ಮೆಸೇಜ್ ಹೋಗ್ತಿತ್ತು. ಸಾರ್ ನಂಗೆ ಎಲ್ರೆದುರಿಗೂ ಉಗೀತಿದ್ರು. ಏನಯ್ಯಾ, ದಿನಾ ನಿಂದೇ ಗೋಳು ಅನ್ನೋರು. ಒಂದಿನ ತಲೆ ಕೆಡ್ತು. ಮೆಸೇಜ್ ಬರದಂಗೆ ಮಾಡ್ಬುಟ್ಟೆ. ಅವತ್ತಿಂದ ಸಾರ್ ನಂಗೆ ಗುಡ್ ಬಾಯ್ ಅಂದ್ರು ಕಣಕ್ಕ.'

ಕೇಳಿ ನನಗೆ ಅವನ ಮೇಲೆ ಸಿಟ್ಟು ಬಂತು. ಪೂರ್ತಿ ಬರಲಿಲ್ಲ. ಯಾಕಂದರೆ ಉಳಿದರ್ಧ ಸಿಟ್ಟಿಗೆ ವಾರಸುದಾರರು ಬೇರೆ ಇದ್ದರು. ಕೆಟ್ಟ ಸುದ್ದಿ ತಂದವನಿಗೆ ಉಗಿಯುವ ಮನೆಗೆ ಒಳ್ಳೆಯ ಸುದ್ದಿ ಮಾತ್ರ ಬರುತ್ತದೆ. ಬಂದೇ ಬರುತ್ತದೆ. ಗೋಡೆ ಬಿದ್ದು ಅಡಿಗೆ ಸಿಕ್ಕಿಕೊಂಡವರೂ ಅಲ್ಲಿಂದಲೇ 'ಆರಾಮ್ ಸಾರ್' ಅನ್ನುತ್ತಾರೆ.

ನಮ್ಮ ಬಾಸ್ ಕೆಟ್ಟವರಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ 'ತಾಯಿ'. ಫೋನ್ ಮಾಡಿ ವಿಷಯ ಹೇಳಿದೆ. ಅವತ್ತು ಬೆಳಿಗ್ಗೆ ಇದೇ ಸ್ಟಾಕು ತುಂಬಿಕೊಂಡು ಗುಬ್ಬಿಗೆ ವ್ಯಾನು ಹೋಗಿತ್ತು. ಅದನ್ನು ಮೊದಲು ನಿಲ್ಲಿಸಿ ಎಂದೆ.

'ಆಗಲೇ ಗುಬ್ಬಿಲಿ ಅನ್‌ಲೋಡೂ ಆಯ್ತಂತೆ ತಾಯಿ. ಈಗ್ತಾನೇ ಡ್ರೈವರ್ ಹೇಳ್ದ. ಆಗೋದು ಆಗೋಯ್ತು, ಬುಡಿ.'

ಬಿಡಲಿಲ್ಲ. ಡ್ರೈವರ್‌ಗೆ ನಾನೇ ಫೋನ್ ಮಾಡಿದೆ. 'ಎಲ್ಲಿದೀಯಪ್ಪಾ?' 'ಗುಬ್ಬಿ ಮೇಡಂ' ಎಂದ. ಹಿಂದೆ ಹೋಟೆಲಿನ ಗದ್ದಲ. 'ನಿಜ ಹೇಳು, ಬೈಯಲ್ಲ' ಎಂದೆ. ಎರಡು ಸಲ ಹೇಳಬೇಕಾಯಿತು. ಮೂರನೇ ಸಲಕ್ಕೆ ದನಿ ಇಳಿಸಿದ. 'ಸಾರ್‌ಗೆ ಹೇಳ್ಬೇಡಿ ಮೇಡಂ. ಕ್ಯಾತ್ಸಂದ್ರದಲ್ಲಿದೀನಿ. ತಟ್ಟೆ ಇಡ್ಲಿ ತಿನ್ನಣ ಅಂತ ಬಂದೆ. ಇನ್ನೂ ಒಂದು ಡಬ್ಬಾನೂ ಇಳಿಸಿಲ್ಲ.'

ನನ್ನ ಜೀವನದಲ್ಲಿ ಒಂದು ಸುಳ್ಳಿಗೆ ಕೈ ಮುಗಿದದ್ದು ಅದೊಂದೇ ಸಲ. 'ಅಲ್ಲೇ ಇರು. ಗುಬ್ಬಿಗೆ ಹೋಗ್ಬೇಡ. ಇನ್ನೊಂದು ಪ್ಲೇಟ್ ತಿನ್ನು, ದುಡ್ಡು ನಾನ್ ಕೊಡ್ತೀನಿ' ಎಂದೆ. ಬೈಯುವುದಿಲ್ಲ ಅಂದ ಮೇಲೆ ತಾನೇ ಅವನ ಬಾಯಿಂದ ನಿಜ ಹೊರಟಿದ್ದು? ಗಮನಿಸಿ.

ಆಮೇಲೆ ಹುಲಿಯೂರುದುರ್ಗದ ಮೆಡಿಕಲ್ ಸ್ಟೋರಿನಿಂದ ಶುರು ಮಾಡಿ ಒಂದೊಂದೇ ಅಂಗಡಿಗೆ ಫೋನ್ ಹಚ್ಚಿದೆ. ನಮ್ಮ ಸ್ಟಾಕ್ ಮಾರಬೇಡಿ, ಮಾರಿದ್ದರೆ ವಾಪಸ್ ಕೇಳಿ. ಊರ್ಡಿಗೆರೆಯ ಅಂಗಡಿಯವರು 'ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲಾ ಮೇಡಂ' ಎಂದರು.

'ಶುಗರ್ ಇಳೀತಿಲ್ಲ ಅಂತ ಯಾರೂ ಬರಲಿಲ್ವಾ?'

'ಬಂದಿದ್ರು ಇಬ್ರು ಮೂವರು.'

'ಅವರಿಗೆ ಏನಂದ್ರಿ?'

'ಸ್ವೀಟ್ ಕಮ್ಮಿ ಮಾಡಿ ಅಂದೆ ಮೇಡಂ.'

ಕಂಪ್ಲೇಂಟ್ ಬಂದಿತ್ತು. ಕಂಪ್ಲೇಂಟ್ ಕೊಟ್ಟವರನ್ನೇ ಅಪರಾಧಿ ಮಾಡಿ ಕಳಿಸಿದ್ದೆವು. ಎಷ್ಟು ಮನೆಯಲ್ಲಿ ಎಷ್ಟು ಬೀರುವಿಗೆ ಬೀಗ ಬಿದ್ದಿದೆಯೋ, ಶಿವನೇ ಬಲ್ಲ.

ತುಮಕೂರಿಗೆ ವಾಪಸ್ ಬರುವ ಮೊದಲು ಪ್ರೋಗ್ರಾಂನಲ್ಲಿ ಒಂದೇ ಒಂದು ಸಾಲು ಎತ್ತಿ ಅದರ ಜಾಗಕ್ಕೆ ಇಟ್ಟೆ. ಸೆನ್ಸರ್ ಓದಿ, ಡಿಗ್ರಿ ಸರಿಯಿದೆಯೇ ನೋಡಿ, ಆಮೇಲೆ ಮಾತ್ರ 'ಇದೀನಿ' ಅನ್ನಬೇಕು. ಮಾಡಿದರೆ ಹೇಳು. ಮಾಡದಿದ್ದರೆ ಬಾಯಿ ಮುಚ್ಚು. ಸೆನ್ಸರ್ ಮತ್ತೆ ಗೋಡೆಗೆ ಸಿಕ್ಕಿಸಿದೆ. ತಕ್ಷಣ ಬೋರ್ಡಿನ ಮೇಲೆ ಕುಣಿಗಲ್ ಕೆಂಪಾಯಿತು. ಪಕ್ಕದಲ್ಲಿ ಸ್ಥಿತಿ ಹೇಳುವ ಸಾಲು ಇರುತ್ತದಲ್ಲ, ಅಲ್ಲಿ ನಾನೇ ಬರೆದೆ: 'ಕೋಲ್ಡ್ ರೂಮ್ ಹೆಪ್ಪುಗಟ್ಟಿದೆ. ಔಷಧಿ ಬಳಸಬೇಡಿ. ಸ್ಟಾಕ್ ವಾಪಸ್ ತರಿಸಲಾಗುತ್ತಿದೆ.'

ಆಫೀಸಿಗೆ ಬರುವಷ್ಟರಲ್ಲಿ ಬಾಸ್ ರಿಸೆಪ್ಷನ್‌ನಲ್ಲೇ ನಿಂತಿದ್ದರು. ಟಿವಿಯ ಕೆಂಪು ಅವರ ವಿಭೂತಿಯ ಮೇಲೂ ಬಿದ್ದಿತ್ತು.

'ತಾಯಿ, ಸ್ಟಾಕ್ ವಾಪಸ್ ತರ್ಸಿ, ಬೇಡ ಅನ್ನಲ್ಲ. ಆದ್ರೆ ಇದನ್ನ ಗ್ರೀನ್ ಮಾಡ್ಬುಡಿ. ನಾಳೆ ಔಷಧಿ ತಯಾರ್ಸೋ ಕಂಪನಿಯೋರು ನೋಡಕ್ಕೆ ಬರ್ತವ್ರೆ. ಮರ್ಯಾದೆ ಪ್ರಶ್ನೆ.'

'ಆಗಲ್ಲ ಸಾರ್.'

'ಒಂದಿನದ ಮಟ್ಟಿಗೆ.'

'ಒಂದು ಗಂಟೆಗೂ ಆಗಲ್ಲ ಸಾರ್. ರೂಮ್ ಸರಿಯಾದ್ರೆ ಅದೇ ಗ್ರೀನ್ ಆಗುತ್ತೆ. ನಾನು ಮಾಡಲ್ಲ.'

'ನಾನು ಹೇಳ್ತಿದೀನಿ.'

'ನೀವು ಹೇಳಿದ್ರೂ ಅಷ್ಟೇ ಸಾರ್. ಇದು ನಿಮ್ಮ ಸ್ಥಿತಿ ಅಲ್ಲ, ಆ ರೂಮಿನ ಸ್ಥಿತಿ. ಅದೇ ಹೇಳ್ಬೇಕು.'

'ಕೆಲಸ ಬೇಡ್ವಾ ತಾಯಿ?' ಎಂದರು. 'ತಾಯಿ' ಅಂತಲೇ ಕೇಳಿದರು ನೋಡಿ. ಅಭ್ಯಾಸ.

'ಬೇಕು ಸಾರ್' ಎಂದೆ. 'ಆದ್ರೆ ನಿಮಗೆ ಹಸಿರು ಬಲ್ಬ್ ಬೇಕಿದ್ರೆ ಎಲೆಕ್ಟ್ರಿಷಿಯನ್ ಸಾಕು, ನಾನ್ ಬೇಡ. ನನ್ ಚಿಕ್ಕಮ್ಮನ್ನ ಊರ ಮುಂದೆ ಬೆಲ್ಲದ ಕಳ್ಳಿ ಮಾಡಿದ್ದು ಈ ಹಸಿರೇ ಸಾರ್. ಅವಳಿಗೆ ಡೋಸ್ ಡಬಲ್ ಬರೆದಿದ್ರು. ಇವತ್ತು ಬೇರೆ ಕಡೆಯಿಂದ ಒಳ್ಳೆ ಬಾಟ್ಲಿ ತಂದು ಅದೇ ಡಬಲ್ ಡೋಸ್ ಚುಚ್ಚಿದ್ದಿದ್ರೆ? ಶುಗರ್ ಪಾತಾಳಕ್ಕೆ ಇಳಿದು ಅವಳು ಎದ್ದೇಳ್ತಿರಲಿಲ್ಲ. ಕೆಂಪು ತೆಗೆಯಲ್ಲ.'

ಧ್ವನಿ ಏರಿತ್ತು. ರೇಖಾ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತ್ತು. ಬಾಸ್ ಒಳಗೆ ಹೋದರು.

ಮರುದಿನ ಔಷಧಿ ಕಂಪನಿಯವರು ಬಂದರು. ಕೆಂಪು ನೋಡಿದರು. ಓದಿದರು. ಒಬ್ಬರು ಮೊಬೈಲಲ್ಲಿ ಫೋಟೋ ತೆಗೆದುಕೊಂಡರು. ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಕುಣಿಗಲ್‌ಗೆ ಹೋಗಿ ನೋಡಿಕೊಂಡು ಹೋದರು. ಈಗ ಅಲ್ಲಿ ಮಷಿನ್ ರಿಪೇರಿಯಾಗಿದೆ, ಬಸವರಾಜು ಸ್ವೆಟರ್ ಬಿಚ್ಚಿದ್ದಾನೆ. ಬಾಸ್ ನನ್ನನ್ನು ಕಂಡರೆ ಪಕ್ಕದ ಬಾಗಿಲಿಂದ ಹೋಗುತ್ತಾರೆ. ಈ ಸಾಲು ಬರೆಯುವ ಹೊತ್ತಿಗೆ ನನ್ನ ಕೆಲಸ ಇದೆ. ನಾಳೆ ಹೋದರೆ ಅದನ್ನೂ ಇಲ್ಲೇ ಬರೆಯುತ್ತೇನೆ, ಯಾರಪ್ಪನ ಭಯ?

ಹೇಳಿ, ನಾವೆಲ್ಲ ಯಾಕೆ ಹೀಗಾದೆವು? ಮನೆಯಲ್ಲಿ ಹೆಂಗಸರು ಜ್ವರದಲ್ಲಿ ಬೇಯುತ್ತಾ 'ನಂಗೇನಾಗಿಲ್ಲ' ಅಂತಾರೆ. ಆಗಿದೆ ಅಂದರೆ 'ಯಾರ್ ನಿಂಗೆ ತಲೆಗೆ ಸ್ನಾನ ಮಾಡು ಅಂದಿದ್ದು' ಎಂದು ಶುರುವಾಗುತ್ತದೆ. ಮಕ್ಕಳು 'ಪರೀಕ್ಷೆ ಚೆನ್ನಾಗಾಯ್ತು' ಅಂತಾರೆ. ಆಫೀಸಿನಲ್ಲಿ 'ಎಲ್ಲಾ ಆಗ್ತಾ ಇದೆ ಸಾರ್' ಅಂತಾರೆ. ಒಂದೊಂದು ಸಲವೂ ನಾವು ಬೈದು ಬೈದು ಆ 'ಇದೀನಿ' ಅನ್ನೋ ದಾರವನ್ನು ಕೆಲಸದಿಂದ ಕಿತ್ತು ಬೇರೆ ಕಡೆ ಕಟ್ಟಿದ್ದೇವೆ. ಕಟ್ಟಿಸಿದವರು ನಾವು. ಪ್ರದೀಪ ಬರೀ ಬೆರಳು.

ನಾನಂತೂ ತೀರ್ಮಾನ ಮಾಡಿದ್ದೇನೆ. ಇನ್ನು ಮೇಲೆ ಯಾರಾದರೂ 'ಆರಾಮಾ ಮೇಡಂ?' ಅಂದರೆ ಆರಾಮಿದ್ದರೆ ಮಾತ್ರ ಹೂಂ ಅನ್ನುತ್ತೇನೆ. ಇಲ್ಲದಿದ್ದರೆ ಇಲ್ಲ ಅನ್ನುತ್ತೇನೆ, ನಿಂತು ಕೇಳಿಸಿಕೊಳ್ಳಬೇಕು. ಟೈಮಿಲ್ಲದವರು ಕೇಳಬೇಡಿ. (ಈಗಾಗಲೇ ಗುಬ್ಬಿ ಗೇಟ್ ಹತ್ತಿರ ಇಬ್ಬರು ನನ್ನನ್ನು ಕಂಡು ರಸ್ತೆ ದಾಟಿದ್ದಾರೆ. ದಾಟಲಿ.)

ಭಾನುವಾರ ಹುಲಿಯೂರುದುರ್ಗಕ್ಕೆ ಹೋದೆ. ಹೊಸ ಔಷಧಿ, ಹಳೆಯ ಡೋಸು. ಡಾಕ್ಟರು ಈ ಸಲ ಚಿಕ್ಕಮ್ಮನ ಮುಖ ನೋಡಿಯೇ ಮಾತಾಡಿದರಂತೆ. ಶುಗರ್ ಇಳಿಯುತ್ತಿದೆ. ಉಮೇಶ ತಲೆ ತಗ್ಗಿಸಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದ. 'ತಪ್ಪಾಯ್ತಮ್ಮಾ ಅಂತ ಹೇಳಿದೀನಿ ಕಣಕ್ಕ, ಎಷ್ಟು ಸಲ ಹೇಳ್ಲಿ?' ಎಂದ.

ಅಡುಗೆಮನೆಗೆ ಹೋಗಿ ನೋಡಿದರೆ ಬೀರುವಿನ ಬೀಗ ಹಾಗೇ ಇದೆ!

'ಇದ್ಯಾಕೆ ಇನ್ನೂ ತೆಗ್ದಿಲ್ಲ?' ಎಂದೆ.

'ಇವನು ತೆಗೀತೀನಿ ಅಂದ. ನಾನೇ ಬೇಡ ಅಂದೆ' ಎಂದಳು ಚಿಕ್ಕಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. 'ಇರ್ಲಿ ಬುಡು. ಬಂದೋರೆಲ್ಲಾ ಕೇಳ್ಲಿ. ಯಾಕಮ್ಮಾ ಬೆಲ್ಲಕ್ಕೆ ಬೀಗ ಅಂತ ಹಾಲ್ನೋಳು ಕೇಳುದ್ಲು. ಕೂರ್ಸಿ ಪೂರ್ತಿ ಹೇಳ್ದೆ. ಹಾಕಿದ್ದು ಎಲ್ರಿಗೂ ಕಾಣ್ತಲ್ಲ? ಯಾಕ್ ಹಾಕಿದ್ದು ಅನ್ನೋದೂ ಗೊತ್ತಾಗ್ಲಿ.'

ನನ್ನ ಕೆಂಪು ಚುಕ್ಕಿಯ ಕತೆ ನಾನು ಇನ್ನೂ ಅವಳಿಗೆ ಹೇಳಿರಲಿಲ್ಲ. ನನ್ನದು ಎಲ್ಲಿಂದ ಬಂದ ಹಟ ಅಂತ ಅವತ್ತು ಗೊತ್ತಾಯಿತು. ಹತ್ತಿರ ಹೋಗಿ ಅವಳ ಭುಜ ಹಿಡಿದುಕೊಂಡೆ. 'ಏನೇ ಇದು, ಬುಡು' ಎಂದಳು. ಕಣ್ಣು ತುಂಬಿತ್ತು. ಅವಳದೂ, ನನ್ನದೂ.

ಕಾಫಿ ಬಂತು. ಒಂದು ಗುಟುಕು ಕುಡಿದು ಮುಖ ಕಿವಿಚಿದೆ. ಕಹಿ ಅಂದರೆ ಕಹಿ. ಉಮೇಶನ ಮುಖವೂ ಹಿಂಡಿತ್ತು. ಮೆಲ್ಲಗೆ ನನ್ನ ಕಡೆ ವಾಲಿ ಹೇಳಿದ, 'ಬೀಗದ ಕೈ ಅಮ್ಮನ ಸೊಂಟದಲ್ಲೈತೆ ಕಣಕ್ಕ. ನಿನ್ನೆ ಡಬ್ಬಿಲಿ ಎರಡು ಕೊಬ್ಬರಿ ಮಿಠಾಯಿ ಕಮ್ಮಿ ಐತಂತೆ. ಆಣೆಗೂ ನಾನು ತಿಂದಿಲ್ಲ.'

ಒಲೆಯ ಮುಂದಿನಿಂದ, ತಿರುಗಿ ಕೂಡ ನೋಡದೆ ಚಿಕ್ಕಮ್ಮ ಹೇಳಿದಳು:

'ಹಂಗಂತ ಎಲ್ರೂ ಹೇಳ್ತಾರೆ ಕಣಪ್ಪ.'